ಯಾರ ಚರ್ಮ ಎಂದು ನಾನು ಕೇಳಲಿಲ್ಲ

ತಿಪಟೂರಿನಲ್ಲಿ ನಾನು ಮೆಡಿಕಲ್ ಸ್ಟೋರ್ ತೆರೆದು ಹದಿನೆಂಟು ವರ್ಷವಾಯಿತು. ಔಷಧಿ ಮಾರಲು ಬೇಕಾದ ಡಿಪ್ಲೊಮಾ ಓದಿದ್ದೇನೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಆದರೂ ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಚೀಟಿ ತರುವುದಿಲ್ಲ. ಕೊಬ್ಬರಿ ಮಂಡಿಯ ಹಮಾಲರು, ಕಾಯಿ ಸುಲಿಯುವಾಗ ಕೈ ಕೊಯ್ದುಕೊಂಡವರು, ಮಗುವಿಗೆ ಭೇದಿ ಎಂದು ಓಡಿ ಬಂದ ತಾಯಂದಿರು ಎಲ್ಲರದೂ ಒಂದೇ ಮಾತು: "ಡಾಕ್ಟ್ರತ್ರ ಹೋದ್ರೆ ನೂರೆಂಟು ಟೆಸ್ಟ್ ಬರೀತಾರೆ, ನೀವೇ ಏನಾರ ಕೊಡಿ ಸಾರ್." ನಾನು ಕನ್ನಡಕ ಏರಿಸಿಕೊಂಡು ಗಾಯ ನೋಡುತ್ತೇನೆ, ನಾಲಿಗೆ ಚಾಚಿಸಿ ನೋಡುತ್ತೇನೆ, ಒಂದೆರಡು ಪ್ರಶ್ನೆ ಕೇಳುತ್ತೇನೆ. ಹಾಗೆ ನಂಬಿಸಿಕೊಳ್ಳುವುದು ನನಗೆ ಬಹಳ ಇಷ್ಟವಾಗಿತ್ತು. ಈಗ ಬರೆಯಲು ಹೊರಟಿರುವುದು ಆ ಇಷ್ಟ ನನ್ನ ಅಕ್ಕನಿಗೆ ಏನು ಮಾಡಿತು ಎಂಬುದನ್ನು.

ಅವ್ವ ತೀರಿಕೊಂಡಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿನೈದು. ಒಡಹುಟ್ಟಿದವರು ನಾವಿಬ್ಬರೇ. ಅಕ್ಕ ಶಾಲೆ ಬಿಟ್ಟು ಒಲೆ ಮುಂದೆ ಕೂತಳು. ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಮಗ್ಗಿ ಕೇಳಿದವಳು, ಮಗ್ಗಿ ತಪ್ಪಿದಾಗ ಬಾರಿಸಿದವಳು ಅವಳೇ. ಆಮೇಲೆ ಹೊಲಿಗೆ ಕಲಿತಳು. ನೊಣವಿನಕೆರೆಯ ಹತ್ತಿರದ ಒಂದು ಹಳ್ಳಿಗೆ ಮದುವೆಯಾಗಿ ಹೋದ ಮೇಲೂ ಹೊಲಿಗೆ ಬಿಡಲಿಲ್ಲ. ಸುತ್ತ ನಾಲ್ಕು ಊರಿನ ಮದುವಣಗಿತ್ತಿಯರ ರವಿಕೆಗಳೆಲ್ಲ ಅವಳ ಕೈಯಿಂದಲೇ ಬರಬೇಕು. ಭಾವ ತೋಟ ನೋಡಿಕೊಳ್ಳುವ, ಜಾಸ್ತಿ ಮಾತಿಲ್ಲದ ಮನುಷ್ಯ. ಒಬ್ಬಳೇ ಮಗಳು. ಆಗ ತಿಪಟೂರಿನ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದಳು.

ಆವತ್ತು ಬೆಳಿಗ್ಗೆ ಮಗಳನ್ನು ಬಸ್ಸಿಗೆ ಕಳಿಸಿ ಅಕ್ಕ ನೀರೊಲೆಯ ಮುಂದೆ ಕೂತಿದ್ದಾಳೆ. ತೆಂಗಿನ ಮಟ್ಟೆ ಹಸಿಯಾಗಿತ್ತಂತೆ, ಹೊಗೆ ಬಿಟ್ಟರೆ ಉರಿ ಇಲ್ಲ. ಒಣಗಿದ ಗರಿಯನ್ನು ಒಂದು ಹಿಡಿ ಮುರಿದು ಒಲೆಗೆ ತುರುಕಿ, ಬಗ್ಗಿ ಊದಿದ್ದಾಳೆ. ಉರಿ ಭಗ್ಗನೆ ಹೊರಕ್ಕೆ ಚಾಚಿತು. ಮೈಮೇಲಿದ್ದದ್ದು ನೈಲಾನ್ ನೈಟಿ, ಕತ್ತಿನ ಮೇಲೊಂದು ಟವೆಲ್. ಕೂಗು ಕೇಳಿ ಭಾವ ಹಿತ್ತಲಿನಿಂದ ಓಡಿ ಬಂದು ಗೋಣಿಚೀಲ ಸುತ್ತಿ, ಹಂಡೆ ಪಕ್ಕದ ತೊಟ್ಟಿಯ ನೀರು ಸುರಿದಿದ್ದಾರೆ. ಅಷ್ಟರೊಳಗೆ ನೈಟಿ ಕರಗಿ ಕತ್ತಿಗೆ, ಎದೆಗೆ, ಬಲಗೈಗೆ ಅಂಟಿಕೊಂಡಿತ್ತು. ಪಕ್ಕದ ಮನೆಯವರು ಒಳ್ಳೆಯದಾಗಲೆಂದು ಟೂತ್‌ಪೇಸ್ಟ್ ಬಳಿದಿದ್ದರು. ಭಾವ ನನಗೆ ಫೋನ್ ಮಾಡಿ, "ನಿಮ್ಮಕ್ಕ ಸುಟ್ಕಂಡ್ಬುಟ್ಲು ಕಣಪ್ಪ, ಬೇಗ ಬಾ" ಎಂದರು.

ತಿಪಟೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಸುಟ್ಟಿದ್ದನ್ನು ತೊಳೆದು, ಅದೇ ದಿನ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸುಟ್ಟವರಿಗೇ ಬೇರೆ ವಾರ್ಡು. ಮೈಯಲ್ಲಿ ಐದರಲ್ಲಿ ಒಂದು ಪಾಲು ಸುಟ್ಟಿದೆ ಎಂದು ಬರೆದುಕೊಂಡರು. ಎರಡನೆಯ ದಿನ ಪೊಲೀಸರು ಬಂದರು. ಹೆಂಗಸು ಸುಟ್ಟುಕೊಂಡರೆ ಬರಲೇಬೇಕಂತೆ. ನಮ್ಮನ್ನೆಲ್ಲ ಹೊರಗೆ ಕಳಿಸಿ ಅಕ್ಕನನ್ನೇ ಕೇಳಿದರು. ಗಾಜಿನ ಬಾಗಿಲಾಚೆ ನಿಂತು ನೋಡುತ್ತಿದ್ದೆ. ಅಕ್ಕ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು, ಪೊಲೀಸಿನವರು ಬರೆದುಕೊಳ್ಳುತ್ತಿದ್ದರು. ಹೊರಗೆ ಬಂದವರು ಭಾವನ ಮುಖ ನೋಡಿ, "ಒಲೆ ಬೆಂಕಿ ಅಂತ ಸ್ಪಷ್ಟವಾಗಿ ಹೇಳಿದ್ದಾರೆ, ಯೋಚನೆ ಮಾಡಬೇಡಿ" ಎಂದು ಹೋದರು.

ಮೂರನೆಯ ದಿನ ಬೆಳಿಗ್ಗೆ ವಾರ್ಡಿನ ಡಾಕ್ಟರು, ನಲವತ್ತರ ಆಸುಪಾಸಿನ ಹೆಂಗಸು, ಮನೆಯವರನ್ನು ಕರೆದರು. ಭಾವ ನನ್ನನ್ನು ಮುಂದಕ್ಕೆ ತಳ್ಳಿದರು. "ನಮ್ ಬಾಮೈದ ಮೆಡಿಕಲ್ ಸ್ಟೋರ್ ಇಟ್ಟವ್ರೆ ಮೇಡಂ, ಎಲ್ಲ ತಿಳ್ಕಂಡವ್ರೆ. ಅವ್ರಿಗೇ ಹೇಳಿ."

ಡಾಕ್ಟರು ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. "ಹೊಟ್ಟೆ ಮೇಲೆ, ಎಡಗೈ ಮೇಲೆ ಸುಟ್ಟಿರೋದು ಮೇಲ್ಮೇಲೆ. ಅಲ್ಲಿ ಚರ್ಮ ತಾನಾಗೇ ಬರುತ್ತೆ. ಕತ್ತು, ಎದೆಯ ಮೇಲ್ಭಾಗ, ಬಲಗೈ, ಇಲ್ಲೆಲ್ಲ ಚರ್ಮ ಪೂರ್ತಿ ಸತ್ತಿದೆ. ಸತ್ತದ್ದು ಅಲ್ಲೇ ಇದ್ದರೆ ಅದರಡಿ ಸೋಂಕು ಸೇರುತ್ತೆ, ರಕ್ತಕ್ಕೂ ಹೋಗುತ್ತೆ. ಈಗ ಬಿಪಿ ಸರಿಯಿದೆ, ಮೂತ್ರ ಚೆನ್ನಾಗಿ ಹೋಗ್ತಿದೆ. ಇನ್ನೆರಡು ದಿನದಲ್ಲಿ ಆ ಸತ್ತ ಚರ್ಮ ತೆಗೆದು, ಬೇರೆ ಕಡೆಯಿಂದ ಒಳ್ಳೇ ಚರ್ಮ ತಗೊಂಡು ಹಾಕಿಬಿಡೋಣ. ಕೈ ವಿಷಯದಲ್ಲಂತೂ ತಡ ಮಾಡಬಾರದು."

ಬೇರೆ ಕಡೆಯಿಂದ ಎಂದರು. ನನಗೆ ಕೇಳಿಸಿದ್ದು ಬೇರೆಯವರಿಂದ ಎಂದು.

ಒಡಹುಟ್ಟಿದವನು ನಾನೊಬ್ಬನೇ. ಕಿಡ್ನಿ ಬೇಕಾದಾಗ ಅಣ್ಣ ತಮ್ಮಂದಿರನ್ನು ಕೇಳುವುದನ್ನು ಟೀವಿಯಲ್ಲಿ ನೋಡಿದ್ದೆ. ಇದೂ ಹಾಗೇ, ಇನ್ನೊಂದು ನಿಮಿಷದಲ್ಲಿ ನನ್ನನ್ನು ಮೇಜಿನ ಮೇಲೆ ಮಲಗಿಸುತ್ತಾರೆ ಎಂದುಕೊಂಡೆ. ತೊಡೆಸಂದಿಯಿಂದ ಮಂಡಿಯವರೆಗೆ ಚರ್ಮ ಸುಲಿಯುವುದು ಕಣ್ಣಿಗೆ ಕಟ್ಟಿತು. ಅಕ್ಕನ ತೊಡೆಯೂ ಆಗ ನೆನಪಿಗೆ ಬರಬಹುದಿತ್ತು. ಬಂದದ್ದು ನನ್ನದು ಮಾತ್ರ. ಓದುವಾಗ ಈ ಪಾಠ ಎಲ್ಲೋ ಬಂದಿತ್ತು, ಖಂಡಿತ ಬಂದಿತ್ತು. ಆ ಹೊತ್ತಿಗೆ ಅದು ತಲೆಯಲ್ಲಿರಲಿಲ್ಲ. "ಯಾರ ಚರ್ಮ ಮೇಡಂ?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ "ನಿಮ್ಮದು" ಎನ್ನುತ್ತಾರೆಂಬ ಭಯದಲ್ಲಿ ಕೇಳಲಿಲ್ಲ. ಜೊತೆಗೆ, ಎಲ್ಲ ತಿಳಿದುಕೊಂಡವನೆಂದು ಭಾವ ಈಗಷ್ಟೇ ಹೇಳಿದ್ದರು. ತಿಳಿಯದು ಎಂದು ಅವರ ಮುಂದೆ ತೋರಿಸಿಕೊಳ್ಳಲೂ ಮನಸ್ಸಾಗಲಿಲ್ಲ.

"ಪೇಷಂಟ್ ತುಂಬಾ ವೀಕ್ ಇದ್ದಾರೆ ಮೇಡಂ" ಎಂದೆ. ಅಂಗಡಿಯಲ್ಲಿ ಮಾತಾಡುವ ಅದೇ ಧ್ವನಿಯಲ್ಲಿ. "ಅನಸ್ತೇಶಿಯ ತಡ್ಕೊಳ್ಳಲ್ಲ. ಮೊದಲು ಗಾಯ ಒಣಗಲಿ, ಮೈಗೆ ಸ್ವಲ್ಪ ಶಕ್ತಿ ಬರಲಿ. ಆಮೇಲೆ ನೋಡೋಣ."

"ಒಣಗಲಿ ಅಂತ ಕಾಯೋದು ಹಳೇ ಪದ್ಧತಿ. ಇಂಥ ಗಾಯ ಒಣಗಲ್ಲ, ಕೊಳೆಯುತ್ತೆ. ಅನಸ್ತೇಶಿಯ ಡಾಕ್ಟರು ನೋಡಿ ಆಗುತ್ತೆ ಅಂದಿದ್ದಾರೆ. ಈಗ ಅವರು ಗಟ್ಟಿಯಾಗಿದ್ದಾರೆ. ಇನ್ನೊಂದು ವಾರಕ್ಕೆ ಹೀಗಿರ್ತಾರೆ ಅಂತ ನಾನು ಹೇಳಲಾರೆ."

"ಮನೆಯವರ ಜೊತೆ ಮಾತಾಡ್ತೀವಿ" ಎಂದು ಭಾವನನ್ನು ಅಕ್ಕನ ಮಂಚದ ಕಾಲ್ದೆಸೆಗೆ ಕರೆದುಕೊಂಡು ಹೋದೆ. ಡಾಕ್ಟರು ಆತುರ ಪಡುತ್ತಿದ್ದಾರೆ, ದೊಡ್ಡಾಸ್ಪತ್ರೆಯವರಿಗೆ ಕತ್ತರಿಸುವುದೇ ಕೆಲಸ, ಮುಲಾಮಿನಲ್ಲೇ ವಾಸಿಯಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ ಎಂದು ಪಿಸುದನಿಯಲ್ಲಿ ಹೇಳಿದೆ. ನಾನು ನೋಡಿದ್ದು ಸಾರು ಚೆಲ್ಲಿಕೊಂಡವರನ್ನು, ಬೈಕಿನ ಸೈಲೆನ್ಸರ್ ತಾಗಿಸಿಕೊಂಡವರನ್ನು. ಭಾವ ತಲೆ ಅಲ್ಲಾಡಿಸಿದರು. "ನೀನು ಹೆಂಗಂತೀಯೋ ಹಂಗೆ ಕಣಪ್ಪ. ನಂಗೇನ್ ತಿಳೀತದೆ."

ಆಪರೇಷನ್ ಸದ್ಯಕ್ಕೆ ಬೇಡ ಎಂಬ ಕಾಗದಕ್ಕೆ ಭಾವ ಸಹಿ ಹಾಕಿದರು. ಡಾಕ್ಟರು ಮಾರನೆಯ ದಿನ ಇನ್ನೊಮ್ಮೆ ಕೇಳಿದರು, ಅದರ ಮಾರನೆಯ ದಿನವೂ ಕೇಳಿದರು. ಎರಡು ಸಲವೂ ನಾನು ಅದನ್ನೇ ಹೇಳಿದೆ. ಆ ಕೊನೆಯ ಸಲ ಅವರು ಕನ್ನಡಕ ತೆಗೆದು, "ನೀವು ಫಾರ್ಮಸಿ ಓದಿದವರು, ನಿಮಗೇ ಹೀಗೆ ಹೇಳಬೇಕಾಯ್ತಲ್ಲ" ಎಂದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಭಯ ಮರೆತೇ ಹೋಯಿತು. ನಾನು ನಿಜವಾಗಿಯೂ ಅಕ್ಕನ ಒಳಿತಿಗೇ ಹಟ ಹಿಡಿದಿದ್ದೇನೆ ಎಂದು ನನಗೇ ಅನಿಸತೊಡಗಿತು.

ಆಮೇಲೆ ನಾನು ಅಂಗಡಿಗೆ ಮರಳಿ, ದಿನ ಬಿಟ್ಟು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದೆ. ಎಂಟನೆಯ ದಿನ ವಾರ್ಡಿನೊಳಗೆ ಕಾಲಿಟ್ಟಾಗಲೇ ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು. ಸಕ್ಕರೆ ಕಾಯಿಲೆಯವರು ಕಾಲಿನ ಬ್ಯಾಂಡೇಜ್ ಬಿಚ್ಚಿ ಅಂಗಡಿ ಮುಂದೆ ಚಾಚುತ್ತಾರಲ್ಲ, ಅದೇ. ಅಕ್ಕನಿಗೆ ಜ್ವರ ಏರಿತ್ತು, ಮೈ ನಡುಗುತ್ತಿತ್ತು, ನನ್ನನ್ನು ನೋಡಿ, "ಬೆಲ್ ಹೊಡೀತು ಕಣ್ಲಾ, ಸ್ಲೇಟ್ ಎಲ್ಲಿ ಮಡಗಿದ್ದೀಯಾ" ಎಂದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೋಗಿ ಕೂತೆ.

ಈಗ ಮಾಡಿ ಎಂದು ಡಾಕ್ಟರನ್ನು ಕೇಳಿದೆ. ಅವರು ಬೈಯಲಿಲ್ಲ. "ಈಗ ನೀವು ಒಪ್ಪಿದರೂ ನನಗೆ ಧೈರ್ಯವಿಲ್ಲ. ಸೋಂಕು ರಕ್ತದಲ್ಲಿದೆ. ಮೊದಲು ಅದು ಹತೋಟಿಗೆ ಬರಬೇಕು. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಕೊಳೆತದ್ದನ್ನ ತೆಗೆಯುತ್ತಾ ಕಾಯಬೇಕು." ಹೀಗೆ ನಾನು ಬೇಡಿದ್ದ ಕಾಯುವಿಕೆ ನನಗೆ ಸಿಕ್ಕಿತು. ಎರಡು ಬಾಟಲಿ ರಕ್ತ ಕೊಟ್ಟರು, ಇಂಜೆಕ್ಷನ್ ಬದಲಿಸಿದರು. ಭಾವ ಹನ್ನೊಂದು ದಿನ ಗಡ್ಡ ಬೋಳಿಸದೆ ವರಾಂಡದಲ್ಲೇ ಇದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬದಲಿಗೆ, "ನೀನಿಲ್ದಿದ್ರೆ ನಾನೇನ್ಮಾಡ್ತಿದ್ದೆ" ಎಂದು ನನಗೆ ಕಾಫಿ ತಂದುಕೊಟ್ಟರು.

ಹತ್ತೊಂಬತ್ತನೆಯ ದಿನ ಜ್ವರ ಇಳಿದಿತ್ತು. ಡಾಕ್ಟರು ನಮ್ಮ ಮೂವರನ್ನೂ ನಿಲ್ಲಿಸಿಕೊಂಡು, ಇನ್ನು ಮೂರು ದಿನದಲ್ಲಿ ಚರ್ಮ ಹಾಕಬಹುದು ಎಂದರು. ಕಾಲೇಜಿಗೆ ರಜೆ ಹಾಕಿ ಬಂದಿದ್ದ ಅಕ್ಕನ ಮಗಳು ತಟ್ಟನೆ ಮುಂದೆ ಬಂದಳು. "ಯಾರ ಚರ್ಮ ಮೇಡಂ? ನಂದು ತಗೊಳ್ಳಿ. ಎಷ್ಟು ಬೇಕೋ ಅಷ್ಟು ತಗೊಳ್ಳಿ."

ಡಾಕ್ಟರು ಮೊದಲ ಸಲ ನಕ್ಕದ್ದನ್ನು ಅವತ್ತು ನೋಡಿದೆ. "ನಿಂದು ಬೇಡಮ್ಮ. ಬೇರೆಯವರ ಚರ್ಮ ನಿಲ್ಲಲ್ಲ. ನಿಮ್ಮಮ್ಮನ ತೊಡೆಯಿಂದಲೇ ತೆಳ್ಳಗೆ ಒಂದು ಪದರ ತೆಗೀತೀವಿ. ಅಲ್ಲಿ ಎರಡು ವಾರದಲ್ಲಿ ಮತ್ತೆ ಬರುತ್ತೆ. ನಿಮ್ಮ ಮಾವ ಹೇಳಲಿಲ್ವಾ?"

ಅವಳು ನನ್ನ ಮುಖ ನೋಡಿದಳು. ಅವಳಿಗಾದದ್ದು ಹತ್ತೊಂಬತ್ತು ವರ್ಷ, ಕಾಮರ್ಸ್ ಓದುವ ಹುಡುಗಿ. ನಾನು ಕೇಳಲು ಹೆದರಿದ ಮಾತನ್ನು ಉಸಿರು ಬಿಟ್ಟಷ್ಟು ಸುಲಭವಾಗಿ ಕೇಳಿದ್ದಳು, ಅದೂ ತನ್ನ ಮೈಯನ್ನು ಮುಂದಿಟ್ಟು. ಆಗಲಾದರೂ ಸುಮ್ಮನಿರಬಹುದಿತ್ತು. ನಾನು, "ಹೇಳಿದ್ದೆನಲ್ಲಮ್ಮ, ಗಾಬರೀಲಿ ನೀನೇ ಮರೆತಿರಬೇಕು" ಎಂದೆ.

"ಇಲ್ಲ ಮಾವ, ನೀವು ಹೇಳಿಲ್ಲ" ಎಂದಳು. ಅಷ್ಟೇ. ಆಮೇಲೆ ಅಪ್ಪನ ಪಕ್ಕಕ್ಕೆ ಹೋಗಿ ನಿಂತಳು.

ಆಪರೇಷನ್ ಆಯಿತು. ಎದೆಯ ಮೇಲೆ ಹಾಕಿದ ಚರ್ಮ ಹಿಡಿಯಿತು. ಕತ್ತಿನ ಮೇಲೆ ಅರ್ಧ ಹಿಡಿಯಿತು. ಕೈಯ ಮೇಲೆ ಹಾಕಿದ್ದು ಬಹುಪಾಲು ಬಿಟ್ಟುಬಂತು, ಇನ್ನೊಮ್ಮೆ ಹಾಕಬೇಕಾಯಿತು. ಎರಡು ತಿಂಗಳ ಮೇಲೆ ಅಕ್ಕ ಊರಿಗೆ ಬಂದಾಗ ಅವಳ ಕತ್ತು ಬಲಕ್ಕೆ ಎಳೆದುಕೊಂಡಿತ್ತು. ಬಲಗೈ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. ಕತ್ತರಿ ಹಿಡಿಯುವುದಿರಲಿ, ತುತ್ತು ಕಲಸುವುದಕ್ಕೂ ಎಡಗೈಯೇ ಆಗಬೇಕಿತ್ತು.

ನೋಡಲು ಬಂದ ಹೆಂಗಸರೆಲ್ಲ ನನ್ನನ್ನು ಹೊಗಳಿದರು. "ತಮ್ಮ ಅಂದ್ರೆ ಹಿಂಗಿರ್ಬೇಕು ಕಣ್ರೀ. ಡಾಕ್ಟ್ರ ಎದ್ರು ನಿಂತ್ಕಂಡು ಮಾತಾಡವ್ನೆ." ಜಗುಲಿಯ ಮೇಲೆ ಕೂತು ನಾನು ಅದನ್ನೆಲ್ಲ ಕೇಳಿಸಿಕೊಂಡೆ. ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡರು.

ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಚೀಟಿಯಿಲ್ಲದೆ ಬಂದವರಿಗೆ, "ಡಾಕ್ಟರಿಗೆ ತೋರಿಸಿ" ಎನ್ನತೊಡಗಿದೆ. ಸಾರಿಗೆ ಸೊಕ್ಕು ಬಂದಿದೆ ಎಂದು ಕೆಲವರು ಬೇರೆ ಅಂಗಡಿ ಹಿಡಿದರು. ಪ್ರತಿ ಭಾನುವಾರ ಅಕ್ಕನ ಊರಿಗೆ ಹೋಗಿ ಅವಳ ಕೈಗೆ ಎಣ್ಣೆ ತಿಕ್ಕಿ, ಆಸ್ಪತ್ರೆಯಲ್ಲಿ ತೋರಿಸಿದ ಹಾಗೆ ಒಂದೊಂದು ಬೆರಳನ್ನೂ ಬಿಡಿಸುವ ವ್ಯಾಯಾಮ ಮಾಡಿಸುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದಳು.

ಐದನೆಯ ತಿಂಗಳು ತೋರಿಸಲು ಹೋದಾಗ, ಬೆರಳು ಬಿಡಿಸುವ ಆಪರೇಷನ್ ಬೇಗ ಮಾಡಿಬಿಡಿ ಎಂದು ನಾನು ದುಂಬಾಲು ಬಿದ್ದೆ. ಡಾಕ್ಟರು ಕೈಯನ್ನು ತಿರುಗಿಸಿ ನೋಡಿದರು. "ಈಗ ಬೇಡ. ಕಲೆ ಇನ್ನೂ ಕೆಂಪಗಿದೆ, ಬಿಗಿಯುತ್ತಲೇ ಇದೆ. ಈಗ ಬಿಡಿಸಿದರೆ ಮತ್ತೆ ಸೆಳೆದುಕೊಳ್ಳಬಹುದು. ಅದು ಮೆತ್ತಗಾಗಲಿ. ಅಲ್ಲಿವರೆಗೆ ವ್ಯಾಯಾಮ ಬಿಡಬೇಡಿ." ಇನ್ನೂ ಒತ್ತಾಯಿಸಿದೆ. ಆಗ ಅವರು ಮೆಲ್ಲಗೆ ಹೇಳಿದರು: "ಅವತ್ತು ನಾನು ಬೇಗ ಅಂದೆ, ನೀವು ಕಾಯೋಣ ಅಂದ್ರಿ. ಇವತ್ತು ನಾನು ಕಾಯಿರಿ ಅಂದ್ರೆ ನೀವು ಬೇಗ ಅಂತೀರಿ." ಚುಚ್ಚಬೇಕೆಂದು ಅಂದ ಮಾತಲ್ಲ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ನನ್ನ ಕಡೆ ತಿರುಗಬೇಕೆಂದರೆ ಅವಳಿಗೆ ಇಡೀ ಮೈ ತಿರುಗಿಸಬೇಕು. ತಿರುಗಿಸಿ ನೋಡಿದಳು.

ಮುಂದಿನ ಭಾನುವಾರ ಮಧ್ಯಾಹ್ನ ಭಾವ ತೋಟದಲ್ಲಿದ್ದರು, ಮಗಳು ಒಳಗೆ ಪರೀಕ್ಷೆಗೆ ಓದುತ್ತಿದ್ದಳು. ಎಣ್ಣೆ ಬಟ್ಟಲು ಹಿಡಿದುಕೊಂಡು ಕೂತಾಗ ಅಕ್ಕನೇ ಕೇಳಿದಳು.

"ಅವತ್ತು ಡಾಕ್ಟ್ರಮ್ಮ ಬೇಗ ಮಾಡನ ಅಂದಿದ್ರಾ?"

"ಹೂಂ."

"ನೀನು ಬ್ಯಾಡ ಅಂದ್ಯಾ?"

"ಹೂಂ ಅಕ್ಕ."

"ಯಾಕ್ಲಾ?"

ಎಲ್ಲ ಹೇಳಿದೆ. ನನ್ನ ಚರ್ಮ ಕೇಳುತ್ತಾರೆಂದು ಹೆದರಿದ್ದು, ಅದನ್ನು ಮುಚ್ಚಲು ಡಾಕ್ಟರ ಹಾಗೆ ಮಾತಾಡಿದ್ದು, ಭಾವನ ತಲೆಗೆ ಇಲ್ಲದ್ದನ್ನು ತುಂಬಿ ಸಹಿ ಹಾಕಿಸಿದ್ದು. ಹೇಳುತ್ತಾ ಅಳು ಬಂತು. ಅಕ್ಕ ಸಮಾಧಾನ ಮಾಡುತ್ತಾಳೆ ಎಂದು ಒಳಗೊಳಗೇ ಕಾದಿದ್ದೆ. ಅದನ್ನೂ ಇಲ್ಲಿ ಬರೆಯಬೇಕು. ಅವಳು ಮಾಡಲಿಲ್ಲ. ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

"ಪೊಲೀಸ್ನೋರು ಬಂದು ನನ್ನೇ ಕೇಳಿದ್ರು, ಹೆಂಗಾಯ್ತಮ್ಮ ಅಂತ. ನಾನೇ ಹೇಳ್ದೆ. ಬಾಯಿತ್ತು ನಂಗೆ, ಬುದ್ಧಿನೂ ನೆಟ್ಟಗಿತ್ತು. ನೀನೂ ನಿಮ್ ಭಾವನೂ ನನ್ ಕಾಲ್ದೆಸೆ ನಿಂತ್ಕಂಡು ಪಿಸಿಪಿಸಿ ಅಂತಿದ್ರಿ. ನಾನು ಮಲಗಿದ್ದೋಳು ನೋಡ್ತಾನೇ ಇದ್ದೆ. ಏನೋ ನನ್ ವಿಷಯ ಮಾತಾಡ್ತಾವ್ರೆ, ಆಮೇಲೆ ಹೇಳ್ತಾರೆ ಅನ್ಕಂಡೆ."

ನಾನು ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ಹೆದ್ರುಕಂಡೆ, ಸರಿ. ಯಾರಿಗಿಲ್ಲ ಹೆದ್ರಿಕೆ? ನಿನ್ ಚರ್ಮ ಬೇಕು ಅಂದಿದ್ರೂ ನಾನೇ ಬ್ಯಾಡ ಅಂತಿದ್ದೆ. ಆದ್ರೆ ನನ್ ಕೈ ಕಣ್ಲಾ ಅದು. ನನ್ನಾದ್ರೂ ಒಂದ್ಮಾತು ಕೇಳ್ಬೇಕಿತ್ತು." ಎಡಗೈಯಲ್ಲಿ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, "ಇವತ್ತು ಹೋಗು. ಎಣ್ಣೆ ಮಗಳು ಹಚ್ತಾಳೆ" ಎಂದಳು.

ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿತ್ತು. ನಡೆದುಕೊಂಡೇ ನೊಣವಿನಕೆರೆಗೆ ಬಂದೆ. ಅಲ್ಲಿಯವರೆಗೆ ನನ್ನ ತಪ್ಪು ಹೇಡಿತನ ಎಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದೊಂದು ಇದೆ ಎಂದು ಆ ದಾರಿಯಲ್ಲಿ ತಿಳಿಯಿತು. ಎಚ್ಚರವಾಗಿ ಕಣ್ಣುಬಿಟ್ಟು ಮಲಗಿದ್ದವಳ ಮುಂದೆಯೇ, ಅವಳ ಮೈ ಬಗ್ಗೆ ನಾವಿಬ್ಬರು ಗಂಡಸರು ತೀರ್ಮಾನ ಮಾಡಿದ್ದೆವು. ಕೇಳಬೇಕೆಂದು ಹೊಳೆದು, ಬೇಡವೆಂದು ಬಿಟ್ಟದ್ದಲ್ಲ. ಹೊಳೆಯಲೇ ಇಲ್ಲ. ನನ್ನನ್ನು ಸಾಕಿದವಳ ವಿಷಯದಲ್ಲಿ.

ಮೂರು ಭಾನುವಾರ ಅಕ್ಕ ನನಗೆ ಊಟ ಬಡಿಸಿದಳು, ಕೈ ಕೊಡಲಿಲ್ಲ. ನಾಲ್ಕನೆಯ ಭಾನುವಾರ ಎಣ್ಣೆ ಬಟ್ಟಲನ್ನು ತಾನೇ ತಂದು ನನ್ನ ಮುಂದಿಟ್ಟಳು. ಆ ಮಾತು ಮತ್ತೆ ಬರಲಿಲ್ಲ. ನಾನು ತಿಕ್ಕಿದೆ, ಅವಳು ಸಹಿಸಿದಳು. ಇದನ್ನು ಕ್ಷಮೆ ಎಂದು ಕರೆಯುವ ಧೈರ್ಯ ನನಗಿಲ್ಲ.

ಸುಟ್ಟು ವರ್ಷ ತುಂಬಿದ ಮೇಲೆ ಬೆರಳು ಬಿಡಿಸುವ ಆಪರೇಷನ್ ಆಯಿತು. ಈ ಸಲ ಡಾಕ್ಟರು ಕಾಗದ ನನ್ನ ಕೈಗೆ ಕೊಡುವ ಮೊದಲೇ ಅಕ್ಕ ಎಡಗೈ ಚಾಚಿ ತೆಗೆದುಕೊಂಡಳು. ಒಂದೊಂದೇ ಸಾಲು ಓದಿದಳು. ಎಲ್ಲಿಂದ ಚರ್ಮ ತೆಗೀತೀರಿ, ಎಷ್ಟು ಬೆರಳು ನೆಟ್ಟಗಾಗ್ತವೆ, ಆಗದಿದ್ದರೆ ಏನು ಎಂದು ಮೂರು ಪ್ರಶ್ನೆ ಕೇಳಿದಳು. ಹೆಬ್ಬೆರಳು, ತೋರುಬೆರಳು ಚೆನ್ನಾಗಿ ಬಿಚ್ಚಿಕೊಳ್ಳಬಹುದು, ಉಳಿದವಕ್ಕೆ ಮಾತು ಕೊಡಲಾರೆ ಎಂದರು ಡಾಕ್ಟರು. ಮೊದಲೇ ಆಗಿದ್ದರೆ ಎಂದು ಅವಳು ಕೇಳಲಿಲ್ಲ. ಎಡಗೈಯಲ್ಲಿ ಸೊಟ್ಟ ಸೊಟ್ಟಗೆ ಸಹಿ ಹಾಕಿದಳು.

ಅವರು ಹೇಳಿದಂತೆಯೇ ಆಯಿತು. ಈಗ ಎರಡು ಬೆರಳು ಕೆಲಸ ಮಾಡುತ್ತವೆ, ಮೂರು ಅರ್ಧ ಮಡಚಿಯೇ ಇವೆ. ಮೋಟಾರ್ ಮಿಷನ್‌ನಲ್ಲಿ ನೇರ ಹೊಲಿಗೆ ಹಾಕುತ್ತಾಳೆ, ಸೀರೆಗೆ ಫಾಲ್ ಹಚ್ಚುತ್ತಾಳೆ. ಮದುವಣಗಿತ್ತಿಯರ ರವಿಕೆಗಳು ಈಗ ಬೇರೆ ಕಡೆ ಹೋಗುತ್ತವೆ. ಅವಳ ಮಗಳು ತಿಪಟೂರಿನಲ್ಲೇ ಕೆಲಸಕ್ಕೆ ಸೇರಿದ್ದಾಳೆ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ. ಅಮ್ಮನಿಗೆ ಬೇಕಾದ ಔಷಧಿಯನ್ನು ಮಾತ್ರ ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾಳೆ.

ಭಾವನಿಗೆ ನಾನಿನ್ನೂ ಹೇಳಿಲ್ಲ. ಅಕ್ಕನೂ ಹೇಳಿಲ್ಲ, ಹೇಳುವುದು ನಿನ್ನ ಕೆಲಸ ಎಂಬಂತೆ ಸುಮ್ಮನಿದ್ದಾಳೆ. ಹೋದ ತಿಂಗಳು ಭಾವ ಮಂಡಿಗೆ ಕೊಬ್ಬರಿ ಹಾಕಿ ಬಂದವರು ಅಂಗಡಿಗೆ ಬಂದರು. ಅಲ್ಲಿದ್ದ ಇಬ್ಬರು ಗಿರಾಕಿಗಳ ಮುಂದೆ, "ನಮ್ಮೆಂಗಸ್ರು ಇವತ್ತು ಬದುಕವ್ರೆ ಅಂದ್ರೆ ನಮ್ ಬಾಮೈದನಿಂದ ಕಣ್ರೀ" ಎಂದರು. ಗಿರಾಕಿಗಳು ಹೋಗುವುದನ್ನೇ ಕಾದು, "ಭಾವ, ನಿಮಗೊಂದು ಮಾತು ಹೇಳ್ಬೇಕಿತ್ತು" ಎಂದೆ.

"ಹೇಳಪ್ಪ" ಎಂದು ಸ್ಟೂಲಿನ ಮೇಲೆ ಕೂತು ಮುಖ ಮೇಲೆತ್ತಿದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರಿಗೆ ಆತುರವೂ ಇರಲಿಲ್ಲ.

"ಅಕ್ಕನ ಮುಲಾಮು ಮುಗಿದಿರಬೇಕಲ್ವಾ?" ಎಂದೆ.

"ನೋಡು, ಮರ್ತೇ ಹೋಗಿತ್ತು" ಎಂದರು. ಎರಡು ಟ್ಯೂಬನ್ನು ಕವರಿಗೆ ಹಾಕಿ ಅವರ ಕೈಗೆ ಕೊಟ್ಟೆ.